ಕಲ್ನಾರು ಸಮೀಕ್ಷಕರ ಸೇವೆ: ಸಿಡ್ನಿಯ ಒಂದು ಹಳೆಯ ಮನೆ, ಒಂದು ಹಳೆಯ ಗ್ಯಾರೇಜು ಮತ್ತು ಹಲವು ವರ್ಷಗಳ ಬಳಕೆ

ಪಶ್ಚಿಮ ಸಿಡ್ನಿಯಲ್ಲಿ ಹಳೆಯ ಮನೆ ಕೊಂಡು, ಕೆಲವು ವರ್ಷ ಅದರಲ್ಲೇ ಇದ್ದು, ಕೈಯಲ್ಲಿ ಒಂದಿಷ್ಟು ಹಣ ಸೇರಿದ ಮೇಲೆ ಕೆಡವಿ ಹೊಸದು ಕಟ್ಟುವುದು ನಮ್ಮವರಲ್ಲಿ ಈಗ ಸಾಮಾನ್ಯ. ಟೂಂಗಾಬಿ, ವೆಂಟ್‌ವರ್ಥ್‌ವಿಲ್, ಪೆಂಡಲ್ ಹಿಲ್, ಸೆವೆನ್ ಹಿಲ್ಸ್ ಕಡೆ ಸಿಗುವ ಅಂಥ ಮನೆಗಳಲ್ಲಿ ಬಹಳಷ್ಟು ಫೈಬ್ರೊ ಮನೆಗಳು. ಮರದ ಚೌಕಟ್ಟಿಗೆ, ಧೂಳಾಗಿ ಉಸಿರಿಗೆ ಸೇರಿದರೆ ರೋಗ ತರುವ ಕಲ್ನಾರು (ಆಸ್ಬೆಸ್ಟಾಸ್) ಬೆರೆಸಿದ ಸಿಮೆಂಟ್ ಹಲಗೆ ಹೊಡೆದು ಕಟ್ಟಿದವು. ನನ್ನದೂ ಅಂಥದ್ದೇ ಒಂದು. ಅದನ್ನು ಕೊಂಡಾಗ, ಅಡುಗೆಮನೆ ಬದಲಿಸಿದಾಗ, ಕೊನೆಗೆ ಕೆಡವಿದಾಗ ಒಂದೇ ಪರಿಸರ ಸಲಹಾ ಸಂಸ್ಥೆಯನ್ನು ಕರೆದಿದ್ದೆ. ನಂತರ ದಿನಸಿ ಗೋದಾಮಿಗೆಂದು ಹಳೆಯ ಮೆಕ್ಯಾನಿಕ್ ಶೆಡ್ಡು ಕೊಂಡಾಗಲೂ ಅವರೇ ಬಂದರು. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಹೊಗಳಿಕೆಯ ಜೊತೆಗೆ ದೂರುಗಳೂ ಇವೆ, ಅವುಗಳಲ್ಲಿ ಹೆಚ್ಚಿನವು ಈ ವೃತ್ತಿಗೇ ಅಂಟಿಕೊಂಡವು.

ಈ ಸೇವೆಗೆ ದುಡ್ಡು ಕೊಡುವವರು ಮೊದಲು ತಿಳಿಯಬೇಕಾದದ್ದು, ಸಲಹೆಗಾರರು ಏನನ್ನೂ ತೆಗೆಯುವುದಿಲ್ಲ. ತೆಗೆಯುವವರು ಬೇರೆ, ಅವರ ಪರವಾನಗಿ ಬೇರೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಗಟ್ಟಿಯಾಗಿ ಬೆಸೆದ ಕಲ್ನಾರು ಹತ್ತು ಚದರ ಮೀಟರಿಗಿಂತ ಹೆಚ್ಚಿದ್ದರೆ ‘ಬಿ’ ದರ್ಜೆಯ ಪರವಾನಗಿದಾರರು ಬೇಕು. ಕೈಯಲ್ಲಿ ಉಜ್ಜಿದರೆ ಪುಡಿಯಾಗುವಂಥದ್ದಾದರೆ ಪ್ರಮಾಣ ಎಷ್ಟೇ ಇರಲಿ, ‘ಎ’ ದರ್ಜೆಯವರೇ ಬರಬೇಕು. ಸಲಹೆಗಾರರು ಮೊದಲು ಬಂದು ಎಲ್ಲೆಲ್ಲಿದೆ ಎಂದು ಹೇಳುತ್ತಾರೆ, ಕೊನೆಗೆ ಬಂದು ಹೋಗಿದೆಯೇ ಎಂದು ನೋಡಿ ಸಹಿ ಹಾಕುತ್ತಾರೆ. ನಾನು ಇಷ್ಟು ವರ್ಷ ಕೊಂಡದ್ದು ಆ ಸಹಿಯನ್ನು. ಅದಕ್ಕೆ ಬೆಲೆ ಬರುವುದು ಸಹಿ ಹಾಕುವವನಿಗೂ ಕಿತ್ತು ಹಾಕುವವನಿಗೂ ಹಣದ ನಂಟಿಲ್ಲದಿದ್ದಾಗ ಮಾತ್ರ. ‘ಸರ್ಟಿಫಿಕೇಟನ್ನೂ ನಾವೇ ತರಿಸಿಕೊಡುತ್ತೇವೆ, ನೀವು ತಲೆ ಕೆಡಿಸಿಕೊಳ್ಳಬೇಡಿ’ ಎನ್ನುವ ಗುತ್ತಿಗೆದಾರರು ಇಲ್ಲಿ ಧಾರಾಳವಾಗಿ ಸಿಗುತ್ತಾರೆ. ತಲೆ ಕೆಡಿಸಿಕೊಳ್ಳಬೇಕಾದ ಜಾಗ ಅದೇ.

ಮೊದಲ ಸಮೀಕ್ಷೆ ಮನೆ ಕೊಳ್ಳುವ ಮುನ್ನ. ಸಮೀಕ್ಷಕಿ ಟಾರ್ಚು ಹಿಡಿದು ಮಾಡಿನ ಒಳಗೂ ನೆಲದ ಕೆಳಗೂ ತೂರಿ ನೋಡಿದಳು. ಹೊರಗೋಡೆ, ಸೂರಿನ ಅಡಿಭಾಗದ ಹಲಗೆ, ಬಟ್ಟೆ ಒಗೆಯುವ ಕೋಣೆಯ ಗೋಡೆ, ವಿದ್ಯುತ್ ಮೀಟರಿನ ಹಿಂದಿನ ಕಪ್ಪು ಫಲಕ, ಹಿತ್ತಲಿನ ಸುಕ್ಕುಬೇಲಿ (ಅಲೆಯಾಕಾರದ ಸಿಮೆಂಟ್ ಶೀಟಿನ ಬೇಲಿ). ಇವುಗಳಿಂದ ತೆಗೆದ ಬೆರಳುಗುರಿನಷ್ಟು ತುಂಡುಗಳು ಚೀಲ ಸೇರಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋದವು. ಅಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ನೋಡಿ ಬಿಳಿ, ಕಂದು, ನೀಲಿ ಯಾವ ಬಗೆಯ ಕಲ್ನಾರು ಎಂದು ಬರೆದು ಕಳಿಸುತ್ತಾರೆ. ಮೀಟರಿನ ಫಲಕ ನನ್ನ ಊಹೆಯಲ್ಲೇ ಇರಲಿಲ್ಲ. ವರದಿಯಲ್ಲಿ ಪ್ರತಿಯೊಂದಕ್ಕೂ ಚಿತ್ರ, ಜಾಗ, ಈಗಿನ ಸ್ಥಿತಿ, ಮುಟ್ಟದೆ ಬಿಟ್ಟರೆ ಎಷ್ಟು ಅಪಾಯ, ಕತ್ತರಿಸಿದರೆ ಎಷ್ಟು ಎಂಬ ವಿವರ ಇತ್ತು. ಬಣ್ಣ ಬಳಿದು ಗಟ್ಟಿಯಾಗಿರುವ ಹೊರಗೋಡೆಗೆ ಹೆದರಬೇಕಿಲ್ಲ, ಅದಕ್ಕೆ ಡ್ರಿಲ್ ಹಾಕಬೇಡಿ ಎಂದು ಒಂದೇ ಸಾಲಿನಲ್ಲಿ ಬರೆದಿದ್ದಳು. ಆ ಸಾಲಿನ ಧೈರ್ಯದಲ್ಲಿ ಅದೇ ಮನೆಯಲ್ಲಿ ನೆಮ್ಮದಿಯಾಗಿ ಸಂಸಾರ ಮಾಡಿದೆವು. ಕಲ್ನಾರು ಎಂದ ಕೂಡಲೇ ಗಂಟುಮೂಟೆ ಕಟ್ಟುವ ಗೆಳೆಯರಿಗೆ ಈಗಲೂ ಆ ಪುಟವನ್ನೇ ತೋರಿಸುತ್ತೇನೆ.

ಆದರೆ ಇಂಥ ಸಮೀಕ್ಷೆಯಲ್ಲಿ ಗೋಡೆ ಒಡೆಯುವುದಿಲ್ಲ. ಟೈಲ್ಸ್ ಹೊದಿಸಿದ ಬಚ್ಚಲುಗೋಡೆಯ ಹಿಂದೆ ಏನಿದೆ ಎಂಬಲ್ಲಿ ‘ಇದೆಯೆಂದು ಭಾವಿಸಲಾಗಿದೆ’ ಎಂದಿತ್ತು. ಕೆಡಹುವ ಮುನ್ನ ಒಡೆದು ನೋಡುವ ಇನ್ನೊಂದು ಸಮೀಕ್ಷೆ ಬೇಕು, ಅದಕ್ಕೆ ಇನ್ನೊಂದು ಶುಲ್ಕ. ಇದು ವಂಚನೆಯಲ್ಲ, ಬೇರೆಯವರ ಮನೆಯ ಗೋಡೆಗೆ ತೂತು ಹಾಕಲು ಮಾರುವವರು ಬಿಡುವುದಿಲ್ಲ. ಆದರೂ ‘ಪ್ರವೇಶ ಸಿಗದ ಜಾಗಗಳು’ ಎಂಬ ಪಟ್ಟಿಯನ್ನು ಮೊದಲ ಪುಟದಲ್ಲಿ ಹಾಕುವ ಬದಲು ಕೊನೆಯ ಹಾಳೆಗಳಲ್ಲಿ ಸಣ್ಣ ಅಕ್ಷರದಲ್ಲಿ ಹಾಕುವುದು ನನಗೆ ಇಂದಿಗೂ ಸರಿಕಾಣದು. ವರದಿ ಕೈಗೆ ಬಂದಾಗ ನಾನು ಈಗ ಹಿಂದಿನಿಂದ ಓದಲು ಆರಂಭಿಸುತ್ತೇನೆ.

ಸಂಸ್ಥೆಯ ಮೇಲೆ ನಂಬಿಕೆ ಹುಟ್ಟಿದ್ದು ಅಡುಗೆಮನೆಯ ನೆಲದಿಂದ. ಹೂವಿನ ಚಿತ್ತಾರದ ಹಳೆಯ ವಿನೈಲ್ ಹಾಸು ಇತ್ತು. ಬೆಳಗ್ಗೆ ಬಂದು ಮಧ್ಯಾಹ್ನದೊಳಗೆ ಕಿತ್ತು ಹಾಕುವುದಾಗಿ ಟೈಲ್ಸ್‌ನವನು ಹೇಳಿದ್ದ. ಸಲಹೆಗಾರ ಮೂಲೆಯಲ್ಲಿ ಒಂದು ಚೂರು ಕತ್ತರಿಸಿ ಕಳಿಸಿದ. ಮೇಲಿನ ಪದರದಲ್ಲಿ ಏನೂ ಇರಲಿಲ್ಲ, ಅಡಿಗೆ ಅಂಟಿದ್ದ ಕಾಗದದಂಥ ಬೆನ್ನುಪದರದ ತುಂಬ ಬಿಳಿ ಕಲ್ನಾರು. ಸಿಮೆಂಟ್ ಹಲಗೆಯಲ್ಲಿ ನಾರುಗಳು ಗಾರೆಯೊಳಗೆ ಸಿಕ್ಕಿಕೊಂಡಿರುತ್ತವೆ. ಈ ಕಾಗದ ಹಾಗಲ್ಲ, ಎಳೆದರೆ ಹರಿದು ಧೂಳಾಗುತ್ತದೆ. ಹಾಗಾಗಿ ಅದು ‘ಎ’ ದರ್ಜೆಯ ಕೆಲಸ. ಅಡುಗೆಮನೆಗೆ ಪ್ಲಾಸ್ಟಿಕ್ ಡೇರೆ, ಗಾಳಿ ಒಳಮುಖವಾಗಿ ಮಾತ್ರ ಹರಿಯುವಂತೆ ಎಳೆಯುವ ಯಂತ್ರ, ಕೆಲಸಗಾರರು ಬಟ್ಟೆ ಕಳಚಿ ತೊಳೆದುಕೊಳ್ಳುವ ಕೋಣೆ, ಸುತ್ತ ಗಾಳಿ ಮಾಪನ. ಖರ್ಚು ಹಲವು ಪಟ್ಟಾಯಿತು. ನಾನು ಗೊಣಗಿದೆ. ಆದರೆ ಸಲಹೆಗಾರನಿಗೆ ಇದರಿಂದ ಸಿಕ್ಕಿದ್ದು ಮಾಪನದ ಶುಲ್ಕವಷ್ಟೇ, ದೊಡ್ಡ ಮೊತ್ತ ಹೋದದ್ದು ತೆಗೆಯುವವರಿಗೆ, ಅವರನ್ನು ಆರಿಸಿದ್ದು ನಾನು.

ಗಾಳಿ ಮಾಪನದ ಫಲಿತಾಂಶ ಬಂದಾಗ ‘0.01ಕ್ಕಿಂತ ಕಡಿಮೆ’ ಎಂದಿತ್ತು. ಪ್ರತಿ ಮಿಲಿಲೀಟರ್ ಗಾಳಿಗೆ ಇಷ್ಟು ನಾರು ಎಂಬ ಲೆಕ್ಕ. ಸೊನ್ನೆ ಎಂದರ್ಥವೇ ಎಂದು ಸಲಹೆಗಾರನನ್ನು ಕೇಳಿದೆ. ಅಲ್ಲ, ಈ ವಿಧಾನ ಅದಕ್ಕಿಂತ ಕೆಳಗೆ ನಂಬಿಕೆಯಿಂದ ಎಣಿಸಲಾರದು ಎಂದ. ಎಣಿಸುವ ಸೂಕ್ಷ್ಮದರ್ಶಕ ಉದ್ದ, ಅಗಲ ನೋಡಿ ನಾರು ಎಂದು ಗುರುತಿಸುತ್ತದೆಯೇ ಹೊರತು ಅದು ಕಲ್ನಾರೋ ರತ್ನಗಂಬಳಿಯ ಎಳೆಯೋ ಎಂದು ಹೇಳದು ಎಂದೂ ಸೇರಿಸಿದ. 0.01 ಮುಟ್ಟಿದರೆ ಕೆಲಸದ ಕ್ರಮ ಪರಿಶೀಲಿಸಬೇಕು, 0.02 ದಾಟಿದರೆ ಕೆಲಸ ನಿಲ್ಲಿಸಬೇಕು. ಕೆಲಸಗಾರರಿಗೆ ದಿನದ ಎಂಟು ಗಂಟೆಯ ಸರಾಸರಿ ಮಿತಿ 0.1. ಗಿರಾಕಿಯ ಸಮಾಧಾನಕ್ಕೆಂದು ‘ಪೂರ್ತಿ ಶುದ್ಧ’ ಎಂದುಬಿಡುವುದು ಸುಲಭವಿತ್ತು. ಹಾಗೆ ಹೇಳದ ಕಾರಣಕ್ಕೇ ಮುಂದಿನ ಕೆಲಸಕ್ಕೆ ಬೇರೆ ದರಪಟ್ಟಿ ತರಿಸಲಿಲ್ಲ.

ಕೆಡಹುವ ಹೊತ್ತಿಗೆ ಆ ನಿಷ್ಠೆಯ ಬಿಸಿ ನನಗೇ ತಟ್ಟಿತು. ತೆಗೆಯುವವರು ಗೋಡೆಯ ಹಲಗೆಗಳನ್ನು ಒದ್ದೆ ಮಾಡಿ, ಒಂದೂ ಒಡೆಯದಂತೆ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಸಾಗಿಸಿದ್ದರು. ಕೆಲಸ ಮುಗಿಯಿತೆಂದು ಮರುದಿನಕ್ಕೆ ಬುಲ್ಡೋಜರ್ ಹೇಳಿಯಾಗಿತ್ತು. ಪರಿಶೀಲನೆಗೆ ಬಂದವನು ನೆಲದ ಕೆಳಗೆ ತೆವಳಿ ಹೋಗಿ, ಇಟ್ಟಿಗೆ ಕಂಬಗಳ ಬುಡದಲ್ಲಿ ಹಳೆಯ ಹಲಗೆ ಚೂರುಗಳನ್ನು ಕಂಡು, ಸಹಿ ಹಾಕುವುದಿಲ್ಲ ಎಂದ. ಮನೆ ಕಟ್ಟುವಾಗಲೇ ಬಿಸಾಡಿದ್ದ ಚೂರುಗಳು, ತಮಗೆ ಸಂಬಂಧವಿಲ್ಲ ಎಂದು ತೆಗೆಯುವವರು ವಾದಿಸಿದರು. ಯಾವಾಗ ಬಿದ್ದಿದ್ದು ಎಂಬುದು ಪ್ರಶ್ನೆಯಲ್ಲ, ಈಗ ಇದೆ ಎಂದು ಇವನು. ಬುಲ್ಡೋಜರಿನ ಬಾಡಿಗೆ ಸುಮ್ಮನೆ ಹೋಯಿತು. ಆತನ ನಿಲುವನ್ನು ನಾನು ಒಪ್ಪುತ್ತೇನೆ. ಒಪ್ಪದಿರುವುದು ಚೂರು ಹೆಕ್ಕಿಸಿದ ಮೇಲೆ ಮರುಪರಿಶೀಲನೆಗೆ ಬರಲು ತಡಮಾಡಿದ್ದನ್ನು, ಮತ್ತು ಆ ಎರಡನೆಯ ಭೇಟಿಗೂ ಪೂರ್ತಿ ಶುಲ್ಕ ಹಾಕಿದ್ದನ್ನು. ಒಪ್ಪಂದದಲ್ಲಿ ಹಾಗೆ ಬರೆದಿತ್ತು ನಿಜ. ಬರೆದದ್ದೆಲ್ಲ ನ್ಯಾಯವಾಗಬೇಕಿಲ್ಲ.

ಅಸಲಿ ಕಥೆ ಮಣ್ಣಿನದು. ಅಡಿಪಾಯ ತೋಡುವಾಗ ಹಿತ್ತಲಿನ ಮೂಲೆಯಲ್ಲಿ ಬೂದುಬಣ್ಣದ ಚೂರುಗಳು ಮೇಲೆ ಬಂದವು. ಈ ಭಾಗದಲ್ಲಿ ಇದು ಅಪರೂಪವಲ್ಲ. ಪ್ಯಾರಮಟ್ಟಾ ಪಕ್ಕದ ಕೆಮಿಲಿಯಾದಲ್ಲಿ ಜೇಮ್ಸ್ ಹಾರ್ಡಿ ಕಂಪನಿಯ ಫೈಬ್ರೊ ಕಾರ್ಖಾನೆ ದಶಕಗಳ ಕಾಲ ನಡೆಯಿತು, ಅದರ ತ್ಯಾಜ್ಯವನ್ನು ಸುತ್ತಮುತ್ತಲಿನ ತಗ್ಗು ತುಂಬಿಸಲು ಬಳಸಿದ್ದು ದಾಖಲಾದ ಸಂಗತಿ. ನನ್ನ ಹಿತ್ತಲಿನದು ಅದಲ್ಲ, ಕಟ್ಟುವವರು ಉಳಿದ ಚೂರುಗಳನ್ನು ಗುಂಡಿ ತೋಡಿ ಮುಚ್ಚಿದ್ದು ಎಂದು ಸಲಹೆಗಾರರು ಬರೆದರು. ಏನೇ ಇರಲಿ, ಕೆಲಸ ನಿಂತಿತು. ಇಡೀ ನಿವೇಶನದ ಮೇಲ್ಮಣ್ಣನ್ನು ಒಂದಡಿ ಕೆತ್ತಿ ಸಾಗಿಸಿಬಿಡೋಣ, ಅದೇ ಬೇಗ ಎಂದು ಗುತ್ತಿಗೆದಾರ ಹೇಳಿದ. ಕಲ್ನಾರು ಬೆರೆತ ಮಣ್ಣು ಇಲ್ಲಿ ‘ವಿಶೇಷ ತ್ಯಾಜ್ಯ’, ಪರವಾನಗಿ ಇರುವ, ಕಸ ಹೂಳುವ ಜಾಗಕ್ಕೇ ಹೋಗಬೇಕು, ಪ್ರತಿ ಟನ್ನಿಗೂ ಸರ್ಕಾರದ ಸುಂಕ. ಅವನ ಬೇಗ ನನ್ನ ಜೇಬಿಗೆ ಭಾರ.

ಸಲಹಾ ಸಂಸ್ಥೆಯವರು ಬಂದು ಚೌಕ ಹಾಕಿ ಗುಂಡಿ ತೋಡಿಸಿದರು. ಪ್ರತಿ ಗುಂಡಿಯಿಂದ ಹತ್ತು ಲೀಟರ್ ಮಣ್ಣು ತೆಗೆದು ಏಳು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಜರಡಿ ಹಿಡಿದು, ಮೇಲುಳಿದ ಚೂರುಗಳನ್ನು ತೂಗಿದರು. ಸಣ್ಣ ನಾರಿಗಾಗಿ ಬೇರೆ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಹಿತ್ತಲಿರುವ ವಾಸದ ಮನೆಗೆ ಆಸ್ಟ್ರೇಲಿಯಾದ ರಾಷ್ಟ್ರೀಯ ಮಾನದಂಡ, 2013ರಲ್ಲಿ ತಿದ್ದಿದ್ದು, ಗಟ್ಟಿ ಚೂರಿನ ಕಲ್ನಾರಿಗೆ ತೂಕದಲ್ಲಿ ಶೇ. 0.01, ಪುಡಿಯಾಗುವುದಕ್ಕೆ ಶೇ. 0.001 ಮಿತಿ ಎನ್ನುತ್ತದೆ. ಇದರ ಜೊತೆಗೆ ಮೇಲ್ಮಣ್ಣಿನಲ್ಲಿ ಕಣ್ಣಿಗೆ ಕಾಣುವ ಚೂರು ಒಂದೂ ಇರಬಾರದು. ಮೂಲೆಯ ಗುಂಡಿ ಮಿತಿ ಮೀರಿತ್ತು, ಉಳಿದವು ಸ್ವಚ್ಛ. ಆ ಮೂಲೆಯನ್ನಷ್ಟೇ ತೋಡಿ, ಬದಿ ಮತ್ತು ತಳದ ಮಣ್ಣನ್ನು ಮತ್ತೆ ಪರೀಕ್ಷಿಸಿ, ಮುಗಿಯಿತೆಂದು ಬರೆದುಕೊಟ್ಟರು. ಸಾಗಿಸದೆ ಉಳಿದ ಮಣ್ಣಿನಿಂದ ಉಳಿದ ಹಣ, ಅಲ್ಲಿಯವರೆಗೆ ಅವರಿಗೆ ಕೊಟ್ಟ ಶುಲ್ಕವನ್ನೆಲ್ಲ ಕೂಡಿದರೂ ಮೀರುತ್ತಿತ್ತು. ಪರಿಸರ ಸಲಹೆಗಾರರು ಖರ್ಚು ಹೆಚ್ಚಿಸುವವರು ಎಂಬ ಮಾತು ನಮ್ಮ ಕೂಟಗಳಲ್ಲಿ ಬಂದಾಗಲೆಲ್ಲ ನಾನು ಎದ್ದು ನಿಲ್ಲುವುದು ಈ ಮೂಲೆಯ ಬಲದ ಮೇಲೆ.

ಮೆಕ್ಯಾನಿಕ್ ಶೆಡ್ಡಿನ ಕೆಲಸ ಅಷ್ಟು ಚೆನ್ನಾಗಿ ನಡೆಯಲಿಲ್ಲ. ಹಳೆಯ ನಕ್ಷೆ, ವಿಮಾನದಿಂದ ತೆಗೆದ ಚಿತ್ರ, ಪುರಸಭೆಯ ಕಡತ ಎಲ್ಲ ಹುಡುಕಿ ಅಂಗಳದಡಿ ಪೆಟ್ರೋಲ್ ತೊಟ್ಟಿ ಇರಬಹುದೆಂದು ಮೊದಲೇ ಪತ್ತೆ ಹಚ್ಚಿದ್ದು ಅವರ ಜಾಣ್ಮೆ. ತೊಟ್ಟಿ ಎತ್ತಿದ ಗುಂಡಿಯ ಗೋಡೆ, ತಳದ ಮಣ್ಣಿನಲ್ಲಿ ಪೆಟ್ರೋಲಿನ ಅಂಶ, ಬೆಂಜೀನ್, ಜೊತೆಗೆ ಸೀಸವನ್ನೂ ಪರೀಕ್ಷಿಸಿದರು. ಆಸ್ಟ್ರೇಲಿಯಾದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತದ್ದು 2002ರಲ್ಲಿ. ಅದಕ್ಕೆ ಹಿಂದಿನ ತೊಟ್ಟಿಯಾದರೆ ಸೀಸ ನೋಡದೆ ಬಿಡುವಂತಿಲ್ಲ. ಆದರೆ ವರದಿ ತಡವಾಯಿತು, ದಪ್ಪವಾಯಿತು. ಒಂದು ಪುಟದಲ್ಲಿ ಬೇರೆ ಯಾರದೋ ನಿವೇಶನದ ವಿವರಣೆ ಹಾಗೇ ಉಳಿದುಕೊಂಡಿತ್ತು. ಹಳೆಯ ವರದಿಯ ಮೇಲೆ ಹೊಸದು ಬರೆಯುವ ಚಾಳಿ. ದೂರು ಕೊಟ್ಟ ಮೇಲೆ ತಿದ್ದಿದರು, ಕ್ಷಮೆಯನ್ನೂ ಕೇಳಿದರು, ಬಿಲ್ಲಿನಲ್ಲಿ ಒಂದು ಡಾಲರನ್ನೂ ಇಳಿಸಲಿಲ್ಲ. ಒಂದು ತಪ್ಪು ಸಾಲು ಬ್ಯಾಂಕಿನವರ ಕಣ್ಣಿಗೆ ಬಿದ್ದಿದ್ದರೆ ಸಾಲವೇ ನಿಲ್ಲುತ್ತಿತ್ತು.

2024ರ ಆರಂಭದಲ್ಲಿ ಇನ್ನೊಂದು ತಾಪತ್ರಯ. ಆಗಷ್ಟೇ ತೆರೆದಿದ್ದ ರೋಜೆಲ್ ಉದ್ಯಾನದ ಗಿಡಗಳ ಬುಡಕ್ಕೆ ಹಾಸಿದ ಮರಚೂರಿನಲ್ಲಿ ಕಲ್ನಾರು ಸಿಕ್ಕಿತು. ಹುಡುಕುತ್ತ ಹೋದಂತೆ ಶಾಲೆ, ಉದ್ಯಾನ ಎಂದು ಎಪ್ಪತ್ತಕ್ಕೂ ಹೆಚ್ಚು ಜಾಗಗಳಲ್ಲಿ ಅದೇ ಕಥೆ. ಸಿಡ್ನಿಯ ಸಮೀಕ್ಷಕರೆಲ್ಲ ಮರಚೂರಿನ ಹಿಂದೆ ಬಿದ್ದರು, ನನ್ನಂಥ ಸಣ್ಣ ಗಿರಾಕಿಯ ಫೋನ್ ಎತ್ತುವವರಿಲ್ಲ. ಬೇರೆ ಸಂಸ್ಥೆಗಳದ್ದೂ ಅದೇ ಪಾಡಾಗಿತ್ತು ಎಂದು ಗೆಳೆಯರು ಹೇಳಿದ್ದರಿಂದ ಇದನ್ನು ದೊಡ್ಡ ದೂರಾಗಿ ಎಣಿಸುತ್ತಿಲ್ಲ.

ಊರಿನಿಂದ ಬಂದ ನನ್ನ ಭಾವನಿಗೆ ಇದೆಲ್ಲ ವಿಚಿತ್ರವಾಗಿ ಕಂಡಿತು. ತುಮಕೂರಿನ ಕಡೆಯ ಅವರ ಕೊಟ್ಟಿಗೆಯ ಮೇಲೆ ಸಿಮೆಂಟ್ ಶೀಟು ನಾನು ಚಿಕ್ಕವನಿದ್ದಾಗಿನಿಂದ ಇದೆ. ಆಸ್ಟ್ರೇಲಿಯಾ 2003ರ ಡಿಸೆಂಬರ್ 31ರಿಂದ ಎಲ್ಲ ಬಗೆಯ ಕಲ್ನಾರನ್ನು ನಿಷೇಧಿಸಿದೆ. ಭಾರತ ಬಿಳಿ ಕಲ್ನಾರನ್ನು ಈಗಲೂ ಆಮದು ಮಾಡಿಕೊಂಡು ಶೀಟು ತಯಾರಿಸುತ್ತದೆ. ಮನೆ ಕೆಡಹುವ ಮುನ್ನ ಸಮೀಕ್ಷೆ ಮಾಡಿಸುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ಈ ವಿಮರ್ಶೆಯ ಹೆಚ್ಚಿನ ಭಾಗ ಅವರಿಗೆ ಕೆಲಸಕ್ಕೆ ಬಾರದು. ಭಾವನಿಗೆ ಹೇಳಿದ್ದು ಇಷ್ಟೇ: ಇರುವ ಶೀಟನ್ನು ಗರಗಸದಲ್ಲಿ ಕೊಯ್ಯಿಸಬೇಡಿ, ಒಣಗಿದ್ದಾಗ ತಂತಿ ಬ್ರಷ್ಷಿನಲ್ಲಿ ಪಾಚಿ ಉಜ್ಜಬೇಡಿ, ಇಳಿಸುವುದೇ ಆದರೆ ನೀರು ಚಿಮುಕಿಸಿ ಇಡಿಯಾಗಿ ಇಳಿಸಿ, ಒಡೆದ ಚೂರನ್ನು ಅಂಗಳದ ಗುಂಡಿ ತುಂಬಿಸಲು ಬಳಸಬೇಡಿ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಳೆದ ಒಂದು ನಕ್ಷತ್ರ ವರದಿಯ ಬರವಣಿಗೆಗೂ ಮರುಭೇಟಿಯ ಬಿಲ್ಲಿಗೂ ಹಂಚಿಹೋಗಿದೆ. ಬಚ್ಚಲಿನ ಒಂದೇ ಗೋಡೆ ತೆಗೆಸುವವರಿಗೆ ಇಷ್ಟು ದೊಡ್ಡ ಸೇವೆ ಬೇಕಾಗದು, ಒಂದು ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕಾಗಬಹುದು. ಇಡೀ ಮನೆ ಕೆಡಹುವವರು, ಹಳೆಯ ಕಾರ್ಖಾನೆ ಅಥವಾ ಗ್ಯಾರೇಜು ಕೊಳ್ಳುವವರು ಸಲಹೆಗಾರರನ್ನು ತಾವೇ ನೇಮಿಸಿಕೊಳ್ಳಲಿ, ಬಿಲ್ಲು ತಮ್ಮ ಹೆಸರಿಗೇ ಬರಲಿ, ಮರುಭೇಟಿಗೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಲಿ. ಗೋದಾಮಿನ ಹಿಂದಿನ ಸುಕ್ಕುಬೇಲಿ ಈಗ ಬಾಗುತ್ತಿದೆ, ಪಕ್ಕದವರೂ ನಾನೂ ಖರ್ಚು ಹಂಚಿಕೊಂಡು ತೆಗೆಸಬೇಕೆಂದಿದ್ದೇವೆ. ಇದೇ ಸಂಸ್ಥೆಯ ದರಪಟ್ಟಿ ಬಂದಿದೆ. ಮರುಭೇಟಿಗೆ ಅರ್ಧ ಶುಲ್ಕ ಎಂದು ತಿದ್ದಿಕೊಡಿ ಎಂದು ಕೇಳಿದೆ, ಒಪ್ಪಿದರು. ಪ್ರವೇಶ ಸಿಗದ ಜಾಗಗಳ ಪಟ್ಟಿಯನ್ನು ಮೊದಲ ಪುಟಕ್ಕೆ ತನ್ನಿ ಎಂದೆ, ನಮೂನೆ ಬದಲಿಸಲಾಗದು ಎಂದು ಉತ್ತರ ಬಂತು.