ಅರೆಬೆಂದ ಫೀಚರ್ ರಿಲೀಸ್‌ಗೆ ಹಾಕೋದಾ? ಮೂರು ದಾರಿ ನೋಡಿದೆ, ಬೀಟಾ ಆ್ಯಪ್ ಸರಿಹೋಯ್ತು

ಮೊದಲೇ ಹೇಳಿಬಿಡುತ್ತೇನೆ. ಫೀಚರ್ ಇನ್ನೂ ಪೂರ್ತಿ ಪಳಗಿಲ್ಲ ಅಂದರೆ ಅದನ್ನು ಬೇರೆ ಬೀಟಾ ಆ್ಯಪ್‌ನಲ್ಲಿ (ಪ್ರಯೋಗಕ್ಕೆ ಅಂತಲೇ ಇರುವ ಆವೃತ್ತಿ) ಕೊಡಿ. ಎಲ್ಲರಿಗೂ ಹೋಗುವ ಮುಖ್ಯ ರಿಲೀಸ್‌ಗೆ ಸೇರಿಸಬೇಡಿ. ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವ ಇಬ್ಬರ ತಂಡ ನಮ್ಮದು, ಹುಬ್ಬಳ್ಳಿಯಲ್ಲಿ. ಒಂದು ವರ್ಷದಲ್ಲಿ ಮೂರೂ ದಾರಿ ತುಳಿದಿದ್ದೇವೆ.

ಮೊದಲನೆಯದು, ಎಲ್ಲರಿಗೂ ಆನ್ ಮಾಡಿ ಪಕ್ಕದಲ್ಲಿ ‘ಪ್ರಾಯೋಗಿಕ’ ಅಂತ ಬರೆಯುವುದು. ಸಂತೆ ದಿನ ಗಲ್ಲಾ ಮುಂದೆ ಎಂಟು ಜನ ನಿಂತಿರುವಾಗ ಅದನ್ನು ಯಾರು ಓದುತ್ತಾರೆ? ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಓಡಿಸುವ ನೋಡ್.ಜೆಎಸ್ 18ರಲ್ಲಿ (2022) ಫೆಚ್, ಅಂದರೆ ನೆಟ್‌ನಿಂದ ಡೇಟಾ ತರುವ ಸೌಲಭ್ಯ, ಹೀಗೇ ಬಂತು. ಬಳಸಿದರೆ ಎಚ್ಚರಿಕೆಯ ಸಾಲು ಕಾಣುತ್ತಿತ್ತು. ಅಲ್ಲಿ ಓದುವವರು ಪ್ರೋಗ್ರಾಮರ್‌ಗಳು, ನಡೆಯುತ್ತದೆ. ಪ್ಲೇ ಸ್ಟೋರ್‌ನಲ್ಲಿ ಮೊದಲು 5% ಜನಕ್ಕೆ ಮಾತ್ರ ಬಿಟ್ಟು ನೋಡಬಹುದು, ನಿಜ. ಆದರೆ ತಡೆದರೆ ಹೊಸಬರಿಗೆ ಹೋಗುವುದು ನಿಲ್ಲುತ್ತದೆ ಅಷ್ಟೇ. ಆಗಲೇ ಹಾಕಿಕೊಂಡವರ ಫೋನಿನಿಂದ ವಾಪಸ್ ಬರುವುದಿಲ್ಲ.

ಎರಡನೆಯದು ಫ್ಲ್ಯಾಗ್, ಅಂದರೆ ಫೀಚರ್ ಆನ್-ಆಫ್ ಮಾಡುವ ಸ್ವಿಚ್. ಕೋಡ್ ರಿಲೀಸ್‌ನಲ್ಲೇ ಇರುತ್ತದೆ, ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿಕೊಳ್ಳಬೇಕು. ನಮಗೆ ಪೆಟ್ಟು ಬಿದ್ದದ್ದು ಇಲ್ಲೇ.

‘ಅರ್ಧ ಪಾವತಿ’ ಅಂತ ಒಂದು ಫೀಚರ್ ಹಾಕಿದ್ದೆವು. 740 ರೂಪಾಯಿ ಬಿಲ್‌ಗೆ ಗಿರಾಕಿ 300 ಕೊಟ್ಟರೆ ಉಳಿದ 440 ಉದ್ರಿಗೆ ಹೋಗಬೇಕು. ಒಬ್ಬ ಅಂಗಡಿಯವರು ಆನ್ ಮಾಡಿ ಎರಡು ವಾರ ಬಳಸಿದರು. ಬಟನ್ ಜಾಸ್ತಿ ಆಯ್ತು ಅನ್ನಿಸಿ ಆಫ್ ಮಾಡಿದರು. ಮರುದಿನ ಬೆಳಿಗ್ಗೆ ಫೋನ್: “ತಮ್ಮಾ, ಮಾಸ್ತರ ಮನೀದು 440 ಬರಬೇಕಿತ್ತು. ಉದ್ರಿ ಪಟ್ಟ್ಯಾಗ ಇಲ್ಲಲ್ಲ, ಎಲ್ಲಿ ಹೋತು?”

ಸ್ವಿಚ್ ಮುಚ್ಚಿದ್ದು ಬಟನ್ ಒಂದನ್ನೇ. ಡೇಟಾಬೇಸ್‌ನಲ್ಲಿ ‘ಅರ್ಧ’ ಅನ್ನುವ ಗುರುತು ಹಾಗೇ ಕೂತಿತ್ತು. ಹಳೆ ಕೋಡ್‌ಗೆ ಉದ್ರಿ ಬಿಟ್ಟರೆ ಉಳಿದದ್ದೆಲ್ಲ ‘ಕೊಟ್ಟಾಯ್ತು’ ಲೆಕ್ಕ. 26 ಬಿಲ್‌ಗಳ ಬಾಕಿ ಪಟ್ಟಿಯಿಂದ ಮಾಯ. “ಕಾಕಾ, ಈಗಲೇ ಬರ್ತೀನಿ” ಅಂತ ಹೊರಟೆ. ಅವರು ಮೊಳೆಗೆ ಸಿಕ್ಕಿಸಿಟ್ಟಿದ್ದ ಚೀಟಿಗಳನ್ನು ಒಂದೊಂದಾಗಿ ತೆಗೆದು ತಾಳೆ ನೋಡಿದೆವು. ಚೀಟಿ ಇಡುವ ರೂಢಿ ಅವರಿಗೆ ಇಲ್ಲದಿದ್ದರೆ ನಮ್ಮ ಮೇಲಿನ ನಂಬಿಕೆ ಅವತ್ತೇ ಹೋಗುತ್ತಿತ್ತು. ತಪ್ಪು ಪೂರ್ತಿ ನಮ್ಮದೇ. ‘ಹೇಗಿದ್ದರೂ ಆಫ್ ಇದೆಯಲ್ಲ’ ಅಂತ ಸುಮ್ನೆ ಧೈರ್ಯ ಮಾಡಿದ್ದೆವು. ಆನ್ ಮಾಡಿ ಆಮೇಲೆ ಆಫ್ ಮಾಡಿದರೆ ಏನಾಗುತ್ತದೆ ಅಂತ ಒಂದು ಸಲವೂ ನೋಡಿರಲಿಲ್ಲ.

ಜಾವಾ ಪ್ರೋಗ್ರಾಮಿಂಗ್ ಭಾಷೆಯವರು ಇದಕ್ಕೆ ಬೇಲಿ ಹಾಕಿದ್ದಾರೆ. ಪ್ರಿವ್ಯೂ (ಇನ್ನೂ ಪಕ್ಕಾ ಆಗದ) ಫೀಚರ್ ಬಳಸಿ ಕಂಪೈಲ್ ಮಾಡಿದ ಕ್ಲಾಸ್ ಫೈಲ್‌ಗೆ, ಅಂದರೆ ಓಡಿಸಲು ತಯಾರಾದ ಫೈಲ್‌ಗೆ, ಗುರುತು ಬೀಳುತ್ತದೆ. ಜಾವಾ ಅದೇ ಆವೃತ್ತಿಯದಾಗಿದ್ದು, ಪ್ರಿವ್ಯೂ ಆನ್ ಇದ್ದರೆ ಮಾತ್ರ ಆ ಫೈಲ್ ಓಡುತ್ತದೆ. ಇಲ್ಲದಿದ್ದರೆ ಆಗುವುದಿಲ್ಲ ಅಂತ ನೇರವಾಗಿ ಹೇಳುತ್ತದೆ, ತಪ್ಪು ಲೆಕ್ಕ ತೋರಿಸುವುದಿಲ್ಲ.

ಫ್ಲ್ಯಾಗ್‌ಗಳು ನಾಲ್ಕಾದರೆ, ಒಂದೊಂದೂ ಆನ್ ಇಲ್ಲವೇ ಆಫ್ ಇರುವುದರಿಂದ, ಟೆಸ್ಟ್ ಮಾಡಬೇಕಾದ ಜೋಡಣೆಗಳು 16. ಇಬ್ಬರಿಗೆ ಆಗದ ಕೆಲಸ. ಲಿನಕ್ಸ್ ಕರ್ನಲ್‌ನಲ್ಲೂ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) ‘ಎಕ್ಸ್‌ಪೆರಿಮೆಂಟಲ್’ ಅನ್ನುವ ಆಯ್ಕೆ ಇತ್ತು. ಎಷ್ಟೋ ಡ್ರೈವರ್‌ಗಳು ವರ್ಷಗಟ್ಟಲೆ ಅದರಡಿಯಲ್ಲೇ ಉಳಿದವು, ಡಿಸ್ಟ್ರೋಗಳು, ಅಂದರೆ ಲಿನಕ್ಸ್‌ನ ಸಿದ್ಧ ಪ್ಯಾಕ್‌ಗಳು, ಅದನ್ನು ಆನ್ ಮಾಡಿಯೇ ಕೊಡುತ್ತಿದ್ದವು. ಕೊನೆಗೆ 2013ರ 3.9 ಆವೃತ್ತಿಯಲ್ಲಿ ಆ ಆಯ್ಕೆಯನ್ನೇ ತೆಗೆದರು.

ಮೂರನೆಯದು ಬೀಟಾ. ಪ್ಯಾಕೇಜ್ ಹೆಸರು ಬೇರೆ, ಐಕಾನ್ ಬೇರೆ, ಡೇಟಾ ಬೇರೆ. ಒಂದೇ ಫೋನಿನಲ್ಲಿ ಎರಡೂ ಇರುತ್ತವೆ, ಒಂದರ ಲೆಕ್ಕವನ್ನು ಇನ್ನೊಂದು ಮುಟ್ಟುವುದಿಲ್ಲ. ಪೈಥಾನ್ ಭಾಷೆಯ 2024ರ 3.13ರಲ್ಲಿ ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಓಡಲು ಬಿಡುವ ಬೀಗ) ಇಲ್ಲದ ಪೈಥಾನ್ ಹೀಗೇ ಬೇರೆ ಬಿಲ್ಡ್ ಆಗಿ, ಅಂದರೆ ಬೇರೆಯಾಗಿ ತಯಾರಿಸಿದ ಪ್ರೋಗ್ರಾಂ ಆಗಿ ಬಂತು. ಮಾಮೂಲಿ ಬಿಲ್ಡ್ ಬಳಸುವವರಿಗೆ ಏನೂ ವ್ಯತ್ಯಾಸ ಇಲ್ಲ. ಕೊರತೆಯೂ ಇದೆ. ಪ್ರತಿ ವಾರ ಎರಡು ಬಿಲ್ಡ್ ಮಾಡಬೇಕು. ಒಂದೇ ಬಿಲ್ಲನ್ನು ಎರಡು ಕಡೆ ಬರೆಯಲು ಯಾರಿಗೆ ಪುರುಸೊತ್ತು? 12 ಅಂಗಡಿಗೆ ಕೊಟ್ಟರೆ ನಿಜಕ್ಕೂ ಬಳಸಿದ್ದು ನಾಲ್ಕು. ಆ ನಾಲ್ವರು ಹೇಳಿದ್ದು ನಮಗೆ ಸಾಕಾಯ್ತು.

ಟೆಸ್ಟಿಂಗ್‌ಗೇ ಬೇರೆ ಜನ ಇರುವ ಕಂಪನಿಗೆ ಫ್ಲ್ಯಾಗ್ ಒಗ್ಗಬಹುದು. ಟೆಸ್ಟಿಂಗ್‌ಗೆ ಅಂತ ನಮ್ಮ ಹತ್ತಿರ ಇರುವುದು ಹಳೆಯ ಎರಡು ಫೋನ್, ಶನಿವಾರದ ಅರ್ಧ ದಿನ. ಆ ಪೆಟ್ಟಿನ ಮೇಲೆ ಅರ್ಧ ಪಾವತಿ ಮೂರು ತಿಂಗಳು ಬೀಟಾದಲ್ಲೇ ಇತ್ತು. ಮೊದಲು ‘ಅರ್ಧ’ ಗುರುತನ್ನು ಸರಿಯಾಗಿ ಓದುವ ಮುಖ್ಯ ರಿಲೀಸ್ ಬಿಟ್ಟೆವು, ಬಟನ್ ಇಲ್ಲದೆ. ಅದು ಎಲ್ಲ ಅಂಗಡಿಗೂ ತಲುಪಿದ ಮೇಲೆ, ದೀಪಾವಳಿಯ ಹೊಸ ಲೆಕ್ಕದ ಗಡಿಬಿಡಿ ಮುಗಿದ ಮೇಲೆ, ಬಟನ್ ಕೊಟ್ಟೆವು. ಮೊದಲು ಫೋನ್ ಮಾಡಿ ತಿಳಿಸಿದ್ದು ಆ ಕಾಕಾಗೆ.