ಕೊಂಡಿಯಿಲ್ಲದ ಲೋಲಾಕು: ವರ್ಮೀರ್ ಚಿತ್ರವನ್ನು ಪರದೆಯ ಮೇಲೆ ನೋಡಿದ ಅನುಭವ

ಡಚ್ ಕಲಾವಿದ ಯೊಹಾನೆಸ್ ವರ್ಮೀರ್ ಸುಮಾರು 1665ರಲ್ಲಿ ಬರೆದ ‘ಮುತ್ತಿನ ಲೋಲಾಕಿನ ಹುಡುಗಿ’ ತೈಲಚಿತ್ರ ಹೇಗ್ ನಗರದ ಮೌರಿತ್ಸ್‌ಹೌಸ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಹೋಗಲಾಗದವರಿಗಾಗಿ, 2018ರ ಸಂಶೋಧನೆಯ ವೇಳೆ ಹೈರಾಕ್ಸ್ ಕಂಪನಿಯು ಸೂಕ್ಷ್ಮದರ್ಶಕದಿಂದ ತೆಗೆದ ಸುಮಾರು 9,100 ಫೋಟೋಗಳನ್ನು ಜೋಡಿಸಿ ಸಿದ್ಧಪಡಿಸಿದ, 1,000 ಕೋಟಿ ಪಿಕ್ಸೆಲ್‌ಗಳಷ್ಟು ದೊಡ್ಡ ಚಿತ್ರವೊಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಚಿತ್ರಕಲೆಯಲ್ಲಿ ಆಸಕ್ತಿಯಿರುವ ಎಲ್ಲರೂ ಇದನ್ನು ಒಮ್ಮೆ ಬಿಡುವಾಗಿ ಕುಳಿತು ನೋಡಲೇಬೇಕು.

ನಾನು ಮೊದಲು ಹುಡುಕಿಕೊಂಡು ಹೋದದ್ದು ಲೋಲಾಕನ್ನು. ದೂರದಿಂದ ದುಂಡಗೆ, ಭಾರವಾಗಿ ತೂಗುವಂತೆ ಕಾಣುವ ಮುತ್ತು, ಹಿಗ್ಗಿಸುತ್ತ ಹೋದಂತೆ ಮೇಲೊಂದು ದಪ್ಪ ಬಿಳಿ ಬಣ್ಣದ ಹಚ್ಚಿಕೆ ಮತ್ತು ಕೆಳಗೆ ಬಿಳಿ ಕೊರಳಪಟ್ಟಿಯ ಮಸುಕು ಪ್ರತಿಬಿಂಬ, ಇಷ್ಟೇ ಆಗಿ ಉಳಿಯುತ್ತದೆ. ಪಕ್ಕದಲ್ಲಿ ಕುಳಿತಿದ್ದ ಅಮ್ಮ, ಯಾವ ಓಲೆ ಕಂಡರೂ ತಿರುಪು, ಮಾಟಿ ನೋಡುವ ಅಭ್ಯಾಸದಿಂದ, “ಇದಕ್ಕೆ ಕೊಂಡಿ ಎಲ್ಲಿ?” ಎಂದು ಕೇಳಿದರು. ಕಲಾವಿದ ಕೊಂಡಿಯನ್ನು ಬರೆದೇ ಇಲ್ಲ. ಎರಡು ಹಚ್ಚಿಕೆಗಳನ್ನೇ ನಮ್ಮ ಕಣ್ಣು ಮುತ್ತಾಗಿಸಿಕೊಳ್ಳುವ ಈ ಬಗೆಯನ್ನು ಅಚ್ಚಾದ ಪುಸ್ತಕಗಳಲ್ಲಿ ನಾನು ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ತುಟಿಯ ಅಂಚಿನಲ್ಲಿರುವ ಸಣ್ಣ ಬೆಳಕಿನ ಚುಕ್ಕೆಯನ್ನೂ ತಪ್ಪದೆ ನೋಡಿ. ಬಾಯಿ ಒದ್ದೆಯಾಗಿ ಕಾಣುವುದು ಅದರಿಂದಲೇ.

ಆದರೆ ಎಲ್ಲವೂ ಪರದೆಯಲ್ಲಿ ತಾನಾಗಿ ತಿಳಿಯುವುದಿಲ್ಲ. ರುಮಾಲಿನ ನೀಲಿ ಅಫ್ಘಾನಿಸ್ತಾನದ ಲಾಪಿಸ್ ಲಾಜುಲಿ ಕಲ್ಲಿನದು, ಕೆಂಪಿನಲ್ಲಿ ಪಾಪಸುಕಳ್ಳಿಯ ಮೇಲೆ ಬದುಕುವ ಕೊಚಿನಿಯಲ್ ಹುಳುವಿನ ಬಣ್ಣವಿದೆ, ಈಗ ಕಪ್ಪಾಗಿರುವ ಹಿನ್ನೆಲೆ ಮೊದಲು ಹಸಿರು ಬಟ್ಟೆಯ ತೆರೆಯಾಗಿತ್ತು ಎಂಬ ಸಂಗತಿಗಳನ್ನು ಸಂಗ್ರಹಾಲಯದ ಸಂಶೋಧನಾ ಬರಹಗಳಿಂದ ಮೊದಲು ಓದಿಕೊಂಡು ಕುಳಿತರೆ ನೋಟಕ್ಕೆ ಅರ್ಥ ಬರುತ್ತದೆ.

ಎಷ್ಟೇ ಹಿಗ್ಗಿಸಿದರೂ ಈಕೆ ಯಾರೆಂಬುದು ಮಾತ್ರ ತಿಳಿಯುವುದಿಲ್ಲ. ಗೊತ್ತಾದ ವ್ಯಕ್ತಿಯ ಭಾವಚಿತ್ರವಾಗಿರದೆ ಒಂದು ಮುಖಭಾವವನ್ನೋ ಉಡುಗೆಯನ್ನೋ ತೋರಿಸಲು ಬರೆದ ಇಂಥ ಚಿತ್ರವನ್ನು ಡಚ್ಚರು ‘ಟ್ರೋನಿ’ ಎನ್ನುತ್ತಿದ್ದರು. ಹೆಸರಿನ ಕುತೂಹಲ ಬಿಟ್ಟು ಬಣ್ಣದ ಕಡೆ ಗಮನ ಕೊಟ್ಟವರಿಗೆ ಇಲ್ಲಿ ಹೆಚ್ಚು ದಕ್ಕುತ್ತದೆ.

ಮೊಬೈಲಿನಲ್ಲಿ ನೋಡಬೇಡಿ, ದೊಡ್ಡ ಪರದೆ ಬೇಕು. ಹಿಗ್ಗಿಸಿ ನೋಡುವಾಗ ಅಳತೆಯ ಅಂದಾಜು ತಪ್ಪಿಹೋಗುವುದೊಂದು ಕೊರತೆ. ಮೂಲಚಿತ್ರದ ಎತ್ತರ 44.5 ಸೆಂ.ಮೀ., ಅಗಲ 39 ಸೆಂ.ಮೀ. ನಾನು ಅಳತೆಪಟ್ಟಿ ಹಿಡಿದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಅಷ್ಟು ಜಾಗವನ್ನು ಗುರುತು ಮಾಡಿಕೊಂಡೆ. ಆ ಪುಟ್ಟ ಚೌಕಟ್ಟಿಗೂ ಪರದೆಗೂ ಆಗಾಗ ಕಣ್ಣು ಹಾಯಿಸುತ್ತ ನೋಡಿದ ಮೇಲೆಯೇ ಆ ಕುಂಚ ಎಷ್ಟು ಸಣ್ಣ ಜಾಗದಲ್ಲಿ ಓಡಾಡಿದೆ ಎಂಬುದು ಮನಸ್ಸಿಗೆ ಇಳಿಯಿತು.