ಡೌನ್ ಬ್ಯಾಂಡ್‌ನ 'ನೋಲಾ': ಮೂರು ವರ್ಷ ಕೇಳಿದ ಮೇಲೆ

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಡೌನ್‌ನ ಆಲ್ಬಂ 'ನೋಲಾ' ಮೊದಲ ಸಲ ಕೇಳಿದಾಗ ನನ್ನ ಸಿಡಿ ಪ್ಲೇಯರ್ ಕೆಟ್ಟಿದೆ ಅಂದುಕೊಂಡೆ. ಡ್ರಮ್ಸ್ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಬೇರೆ ಸಿಡಿ ಹಾಕಿ ನೋಡಿದೆ, ಎಲ್ಲ ಸರಿಯಾಗೇ ಇತ್ತು. ತಡ ಮಾಡುತ್ತಿದ್ದದ್ದು ಬಾರಿಸುವವನೇ!

ಐಹೇಟ್‌ಗಾಡ್‌ನಲ್ಲಿ ಗಿಟಾರ್ ನುಡಿಸುವ ಜಿಮ್ಮಿ ಬೋವರ್ ಇಲ್ಲಿ ಡ್ರಮ್ಸ್ ಹಿಂದೆ ಕೂತಿದ್ದಾನೆ. ಪ್ಯಾಂಟೆರಾದ ಫಿಲ್ ಆನ್ಸೆಲ್ಮೊ, ಕರೋಷನ್ ಆಫ್ ಕನ್‌ಫರ್ಮಿಟಿಯ ಪೆಪ್ಪರ್ ಕೀನನ್, ಕ್ರೋಬಾರ್‌ನಿಂದ ಕರ್ಕ್ ವಿಂಡ್‌ಸ್ಟೈನ್ ಮತ್ತು ಟಾಡ್ ಸ್ಟ್ರೇಂಜ್ ಜೊತೆಗಿದ್ದಾರೆ. ಎಲ್ಲರೂ ಬೇರೆ ಮೆಟಲ್ ಬ್ಯಾಂಡ್‌ಗಳಿಂದ ಬಂದವರು. 1995ರ ಆಲ್ಬಂ. 'ನೋಲಾ' ಅಂದರೆ ಅಮೆರಿಕದ ಊರು ನ್ಯೂ ಆರ್ಲಿಯನ್ಸ್, ಲೂಸಿಯಾನಾ. ಇಷ್ಟು ಪರಿಚಯ ಸಾಕು, ಬಿಡಿ.

ನಾನು ಹೇಳಬೇಕಾದದ್ದು ಆ ತಡದ ಬಗ್ಗೆ. ತಲೆ ಮೇಲೆ ಮೂಟೆ ಹೊತ್ತವರು ಹೇಗೆ ನಡೀತಾರೆ ನೋಡಿದ್ದೀರಲ್ಲ? ಭಾರ ಒಂದು ಕಾಲಿಗೆ ಇಳಿದ ಮೇಲೇ ಇನ್ನೊಂದು ಕಾಲು ಎತ್ತುತ್ತಾರೆ. ಬೋವರ್ ಪೆಟ್ಟೂ ಹಾಗೇ. ರಿಫ್, ಅಂದರೆ ಗಿಟಾರ್‌ನಲ್ಲಿ ಮತ್ತೆ ಮತ್ತೆ ಬರುವ ಸ್ವರಗಳ ತುಣುಕು, ಮೊದಲು ಕೂರಬೇಕು, ಆಮೇಲೆ ಪೆಟ್ಟು. ಕೊಂಡ ಹೊಸದರಲ್ಲಿ ಇದೇ ನನಗೆ ಆಗಿಬರಲಿಲ್ಲ. ವೇಗದ ಮೆಟಲ್ ಕೇಳಿ ಬೆಳೆದ ಕಿವಿ. ಎರಡು ತಿಂಗಳು ಸಿಡಿ ಮುಟ್ಟಲೇ ಇಲ್ಲ.

ಸ್ವಲ್ಪ ತಪ್ಪು ನನ್ನ ಅಗ್ಗದ ಇಯರ್‌ಫೋನ್‌ದೂ ಇತ್ತು. ಎರಡು ಗಿಟಾರು, ಒಂದು ಬೇಸು, ಮೂರೂ ಸೇರಿ ಒಂದೇ ಗುಂಯ್‌ಗುಡುವ ಶಬ್ದ. ದುಬಾರಿಯದು ಕೊಳ್ಳುವ ಶಕ್ತಿ ಇಲ್ಲ. ಹಳೇ ಸ್ಪೀಕರ್ ಒಂದನ್ನು ಅಡುಗೆಮನೆ ಕಿಟಕಿ ಕಟ್ಟೆ ಮೇಲಿಟ್ಟೆ. ಅಲ್ಲಿಂದ ಎಲ್ಲ ಬದಲಾಯಿತು.

ಈಗ ರಾತ್ರಿ ಪಾತ್ರೆ ತೊಳೆಯುವಾಗ ಇದೇ. ಆದರೆ 13 ಹಾಡು, ಹತ್ತಿರ ಹತ್ತಿರ ಒಂದು ಗಂಟೆ. ಅಷ್ಟು ಪಾತ್ರೆ ನಮ್ಮನೇಲಿ ಬೀಳಲ್ಲ. 'ರಿಹ್ಯಾಬ್', 'ಹೇಲ್ ದ ಲೀಫ್' ಹೊತ್ತಿಗೆ ನನಗೆ ಈಗಲೂ ಸುಸ್ತಾಗುತ್ತದೆ. ಒಂದೆರಡು ಹಾಡು ಕಡಿಮೆ ಇದ್ದಿದ್ದರೆ ನಷ್ಟವೇನೂ ಆಗ್ತಿರಲಿಲ್ಲ. ಹಾಗಾಗಿ ಹೆಚ್ಚಿನ ದಿನ ಸೀದಾ 'ಜೈಲ್'ನಿಂದ ಶುರು ಮಾಡುತ್ತೇನೆ. ಅದರಲ್ಲಿ ಅಬ್ಬರವೇ ಇಲ್ಲ, ಮಂಪರು ಹತ್ತಿಸುವ ಹಾಡು. 'ಸ್ಟೋನ್ ದ ಕ್ರೋ' ಬಂದಾಗ ಲೋಟಗಳ ಸರದಿ. ಅದು ಮುಗಿದ ತಕ್ಷಣ ನಲ್ಲಿ ನಿಲ್ಲಿಸುತ್ತೇನೆ. ಯಾಕೆಂದರೆ ಆಮೇಲೆ ಬರುವುದು 'ಪ್ರೇ ಫಾರ್ ದ ಲೋಕಸ್ಟ್'. ಮಾತಿಲ್ಲ, ಡ್ರಮ್ಸ್ ಇಲ್ಲ. ಬರೀ ಅಕೌಸ್ಟಿಕ್ ಗಿಟಾರ್, ಒಂದು ನಿಮಿಷದ ಮೇಲೆ ಸ್ವಲ್ಪ. ನೀರಿನ ಸದ್ದಿದ್ದರೆ ಅದು ಕೇಳಿಸುವುದೇ ಇಲ್ಲ. ಕೈಯಲ್ಲಿ ಸೋಪಿನ ನೊರೆ ಇಟ್ಟುಕೊಂಡು ಸುಮ್ನೆ ನಿಂತಿರುತ್ತೇನೆ.

ಕೊನೆಗೆ 'ಬರಿ ಮಿ ಇನ್ ಸ್ಮೋಕ್', ಏಳು ನಿಮಿಷ. ಕೊನೆಯಲ್ಲಿ ಒಂದೇ ರಿಫ್ ತಿರುಗಿ ತಿರುಗಿ ಬರುತ್ತದೆ. ಅದಕ್ಕೆಂದೇ ತಳ ಹಿಡಿದ ಬಾಣಲೆಯೊಂದನ್ನು ಉಳಿಸಿಕೊಂಡಿರುತ್ತೇನೆ. ಉಜ್ಜುವ ಕೈಯೂ ಈಗ ಬೋವರ್ ಜೊತೆ ತಡವಾಗಿಯೇ ಹೋಗುತ್ತದೆ.